ಬಿಟ್ಟ ಭಾರವನ್ನು ಮತ್ತೆ ಹಿಡಿಯುವಾಗ

ಹತ್ತಿಪ್ಪತ್ತು ವರ್ಷ ಬಿಟ್ಟಿದ್ದು ನಡುವಯಸ್ಸಿನಲ್ಲಿ ಭಾರದ ವ್ಯಾಯಾಮಕ್ಕೆ ಮರಳುವವರನ್ನು ಹೊಸದಾಗಿ ಕಲಿಯುವವರ ಸಾಲಿಗೂ ಸೇರಿಸಲಾಗದು, ಬಿಡದೆ ಮಾಡಿಕೊಂಡು ಬಂದವರ ಸಾಲಿಗೂ ಸೇರಿಸಲಾಗದು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಎತ್ತುತ್ತಿದ್ದ ತೂಕ ಅವರ ಮನಸ್ಸಿನಲ್ಲಿ ಅಂಕಿಯಾಗಿ ಉಳಿದಿರುತ್ತದೆ. ಆ ದುಡಿಮೆಯ ಒಂದು ಗುರುತು ಸ್ನಾಯುವಿನ ಜೀವಕೋಶಗಳಲ್ಲಿಯೂ ಉಳಿದಿರಬಹುದೆಂದು ಇತ್ತೀಚಿನ ಸಂಶೋಧನೆಗಳು ಸೂಚಿಸುತ್ತವೆ. ಆದರೆ ಸ್ನಾಯುವನ್ನು ಮೂಳೆಗೆ ಬಿಗಿದಿರುವ ಹಗ್ಗದಂತಹ ಅಂಗಾಂಶ, ಅಂದರೆ ಸ್ನಾಯುರಜ್ಜು, ಇವೆರಡರ ಅವಸರಕ್ಕೂ ಒಗ್ಗದೆ ತನ್ನದೇ ನಿಧಾನದಲ್ಲಿ ಬಲಗೊಳ್ಳುತ್ತದೆ. ಮನಸ್ಸು ಮೊದಲ ದಿನವೇ ಸಿದ್ಧವಾಗಿರುತ್ತದೆ, ಸ್ನಾಯು ಕೆಲವು ವಾರಗಳಲ್ಲಿ ಸಿದ್ಧವಾಗುತ್ತದೆ, ಸ್ನಾಯುರಜ್ಜುವಿಗೆ ತಿಂಗಳುಗಳು ಬೇಕಾಗುತ್ತವೆ. ಮರಳಿ ಬಂದವರು ಪೆಟ್ಟು ಮಾಡಿಕೊಂಡು ಮತ್ತೆ ಬಿಟ್ಟುಬಿಡುವುದಕ್ಕೆ ಸೋಮಾರಿತನಕ್ಕಿಂತ ಈ ಮೂರು ಗಡಿಯಾರಗಳ ನಡುವಣ ಅಂತರವೇ ಹೆಚ್ಚು ಕಾರಣವಾಗುತ್ತದೆ.

ಈ ವಿಷಯವನ್ನು ನೆದರ್‌ಲ್ಯಾಂಡ್ಸ್ ದೇಶವನ್ನು ಮುಂದಿಟ್ಟುಕೊಂಡು ನೋಡುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಜನಸಂಖ್ಯೆಗಿಂತ ಹೆಚ್ಚು ಸೈಕಲ್ಲುಗಳಿರುವ ಈ ದೇಶದಲ್ಲಿ ಮೈ ಬಳಸುವುದು ನಿತ್ಯಜೀವನದ ಭಾಗವಾಗಿದ್ದರೂ, ಕುಳಿತು ಕಳೆಯುವ ಸಮಯದ ಲೆಕ್ಕದಲ್ಲಿ ಡಚ್ಚರು ಯುರೋಪಿನ ಮುಂಚೂಣಿಯಲ್ಲಿಯೇ ಇದ್ದಾರೆ. ಸೈಕಲ್ ತುಳಿಯುವುದರಿಂದ ಹೃದಯ, ಶ್ವಾಸಕೋಶ ಮತ್ತು ತೊಡೆಗಳಿಗೆ ಒಳಿತಾಗುತ್ತದೆ. ಆದರೆ ದೇಹದ ಭಾರವನ್ನು ಸೀಟೇ ಹೊರುವುದರಿಂದ ಬೆನ್ನುಮೂಳೆಗೆ ಬೀಳುವ ಹೊರೆ ಕಡಿಮೆ, ತೋಳು, ಭುಜ, ಬೆನ್ನುಗಳಿಗೆ ಸಿಗುವ ಕೆಲಸ ಇನ್ನೂ ಕಡಿಮೆ. 2017ರಲ್ಲಿ ಡಚ್ ಆರೋಗ್ಯ ಮಂಡಳಿ, ಅಂದರೆ ಸರ್ಕಾರಕ್ಕೆ ವೈಜ್ಞಾನಿಕ ಸಲಹೆ ನೀಡುವ ಸಂಸ್ಥೆ, ಪ್ರಕಟಿಸಿದ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಹೇಳಿದ್ದಲ್ಲದೆ, ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ವ್ಯಾಯಾಮವನ್ನು ವಾರಕ್ಕೆ ಕನಿಷ್ಠ ಎರಡು ಬಾರಿ ಪ್ರತ್ಯೇಕವಾಗಿಯೇ ಮಾಡಬೇಕೆಂದು ಸೇರಿಸಿತು. ಈ ಎರಡನ್ನೂ ಪಾಲಿಸುವ ಡಚ್ ವಯಸ್ಕರು ಅರ್ಧಕ್ಕಿಂತ ಕಡಿಮೆ. ಎರಡನೆಯ ಕಾರಣವೆಂದರೆ, ಸ್ನಾಯು ಹೇಗೆ ಕರಗುತ್ತದೆ, ಹೇಗೆ ಮರಳಿ ಕಟ್ಟಿಕೊಳ್ಳುತ್ತದೆ ಎಂಬುದರ ಬಗ್ಗೆ ಜಗತ್ತು ಇಂದು ತಿಳಿದಿರುವುದರಲ್ಲಿ ಒಂದು ದೊಡ್ಡ ಪಾಲು ಇದೇ ದೇಶದ ಮಾಸ್ಟ್ರಿಕ್ಟ್ ಮತ್ತು ವಾಗೆನಿಂಗನ್ ವಿಶ್ವವಿದ್ಯಾಲಯಗಳ ಪ್ರಯೋಗಶಾಲೆಗಳಿಂದ ಬಂದಿದೆ.

ಕನ್ನಡಿಗರಿಗೆ ಇದು ದೂರದ ಸುದ್ದಿಯಲ್ಲ. 2004ರಲ್ಲಿ ನೆದರ್‌ಲ್ಯಾಂಡ್ಸ್ ಉನ್ನತ ಕೌಶಲದ ವಲಸಿಗರಿಗಾಗಿ ಪ್ರತ್ಯೇಕ ಪರವಾನಗಿ ವ್ಯವಸ್ಥೆಯನ್ನು ಆರಂಭಿಸಿದ ಮೇಲೆ ಆಮ್ಸ್ಟರ್‌ಡ್ಯಾಮ್ ಪಕ್ಕದ ಆಮ್ಸ್ಟಲ್‌ವೇನ್‌ಗೂ, ಚಿಪ್ ತಯಾರಿಕೆಯ ಯಂತ್ರಗಳ ಉದ್ಯಮವಿರುವ ಐಂಡ್‌ಹೋವನ್, ವೆಲ್ಡ್‌ಹೋವನ್‌ಗಳಿಗೂ ಬೆಂಗಳೂರಿನಿಂದ ಎಂಜಿನಿಯರುಗಳು ಬರತೊಡಗಿದರು. ಆ ಮೊದಲ ವರ್ಷಗಳಲ್ಲಿ ಇಪ್ಪತ್ತೆಂಟು ಮೂವತ್ತರ ಹರೆಯದಲ್ಲಿ ಬಂದವರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ. ಕಾಲೇಜಿನ ದಿನಗಳಲ್ಲಿ ಬಡಾವಣೆಯ ಜಿಮ್ಮಿಗೆ ಹೋಗುತ್ತಿದ್ದು, ನೌಕರಿ, ಮದುವೆ, ಮಕ್ಕಳು, ಮನೆಸಾಲ ಎಂದು ಎರಡು ದಶಕ ಕಳೆದು, ಒಮ್ಮೆ ರಕ್ತಪರೀಕ್ಷೆಯ ವರದಿ ಕೈಗೆ ಬಂದಾಗ ಮತ್ತೆ ಡಂಬೆಲ್ಲಿನ ನೆನಪಾಗುವ ತಲೆಮಾರು ಇದು.

ಈ ತಲೆಮಾರಿನ ದೇಹಕ್ಕೆ ಇನ್ನೊಂದು ಸೂಕ್ಷ್ಮವೂ ಇದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಜೋಡಿ ಚಿತ್ರವನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ 22.3 ಆಗಿದ್ದರೂ, ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬಿನ ಪಾಲು ಶೇ 9.1, ಯಾಜ್ಞಿಕ್ ಅವರ ದೇಹದಲ್ಲಿ ಶೇ 21.2 ಇತ್ತು. ತೆಳ್ಳಗೆ ಕಾಣುವ ಭಾರತೀಯ ಮೈಯಲ್ಲಿ ಸ್ನಾಯು ಕಡಿಮೆಯಿದ್ದು ಕೊಬ್ಬು ಹೆಚ್ಚಿರಬಹುದು ಎಂಬ ಈ ಮಾತು ಡಚ್ ವೈದ್ಯರಿಗೆ ಬೇರೊಂದು ದಾರಿಯಿಂದಲೂ ಪರಿಚಿತ. 1873ರಲ್ಲಿ 'ಲಲ್ಲಾ ರೂಖ್' ಹಡಗಿನಿಂದ ಆರಂಭಿಸಿ ಕೋಲ್ಕತ್ತದಿಂದ ಸುರಿನಾಮಿಗೆ ಕರಾರು ಕೂಲಿಗಳಾಗಿ ಹೋದವರ ವಂಶಸ್ಥರು, 1975ರಲ್ಲಿ ಆ ದೇಶ ಸ್ವತಂತ್ರವಾದ ಕಾಲದಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆದರ್‌ಲ್ಯಾಂಡ್ಸಿಗೆ ಬಂದು, ಮುಖ್ಯವಾಗಿ ದಿ ಹೇಗ್ ನಗರದಲ್ಲಿ ನೆಲೆಸಿದರು. ಹಿಂದೂಸ್ತಾನಿಗಳೆಂದು ಕರೆಯಲಾಗುವ ಇವರಲ್ಲಿ ಸಕ್ಕರೆ ಕಾಯಿಲೆ ಬೇಗ ಕಾಣಿಸಿಕೊಳ್ಳುವುದರಿಂದ, ಕುಟುಂಬ ವೈದ್ಯರ ಡಚ್ ಮಾರ್ಗಸೂಚಿಯು ಅವರನ್ನು 35ನೆಯ ವಯಸ್ಸಿನಿಂದಲೇ ತಪಾಸಣೆಗೆ ಗಮನಿಸಬೇಕೆಂದು ಹೇಳುತ್ತದೆ. ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯಲ್ಲಿ ಹೆಚ್ಚಿನ ಪಾಲನ್ನು ಹೀರಿಕೊಳ್ಳುವುದು ಸ್ನಾಯುವೇ ಆದ್ದರಿಂದ, ಸ್ನಾಯು ಕಡಿಮೆಯಿರುವ ಜನಾಂಗಕ್ಕೆ ಅದನ್ನು ಬೆಳೆಸಿಕೊಳ್ಳುವುದು ಅಂದಚಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಕನ್ನಡ ನಾಡಿಗೆ ಭಾರ ಎತ್ತುವ ಸಂಸ್ಕೃತಿ ಹೊರಗಿನಿಂದ ಬಂದದ್ದೇನೂ ಅಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಮೈಸೂರಿನ ಗರಡಿ ಮನೆಗಳಲ್ಲಿ ದಂಡ, ಬಸ್ಕಿ, ಗದೆ ತಿರುಗಿಸುವುದು, ಮಟ್ಟಿಯ ಮಣ್ಣು ಅಗೆಯುವುದು ಇವೆಲ್ಲ ಸಾಧನೆಯ ಅಂಗಗಳಾಗಿದ್ದವು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ಇಂದಿಗೂ ನಡೆಯುತ್ತದೆ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದು ಕನ್ನಡಿಗರು ಬಲ್ಲ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕವನ್ನು ಹೊರತಂದು, ಸೂರ್ಯನಮಸ್ಕಾರವನ್ನೂ ಬಾರ್ಬೆಲ್ಲನ್ನೂ ಒಂದೇ ಪದ್ಧತಿಯೊಳಗೆ ತಂದವರು. ಆ ಪರಂಪರೆಯಲ್ಲಿ ಒಂದು ಕೊರತೆಯೂ ಇತ್ತು: ಗರಡಿ ಹೆಚ್ಚಾಗಿ ಹರೆಯದ ಗಂಡಸರದಾಗಿತ್ತು, ಸಂಸಾರಕ್ಕೆ ಬಿದ್ದ ಮೇಲೆ ಬಿಟ್ಟುಬಿಡುವುದು ರೂಢಿಯಾಗಿತ್ತು. ನಲವತ್ತೆಂಟರ ಹೆಂಗಸು ಭಾರ ಎತ್ತಲು ಹೋಗುವುದನ್ನು ಈಗಲೂ ಅನೇಕ ಮನೆಗಳು ವಿಚಿತ್ರವೆಂಬಂತೆ ನೋಡುವುದಕ್ಕೆ ಬೇರು ಅಲ್ಲಿದೆ.

ವಯಸ್ಸಿನೊಂದಿಗೆ ಸ್ನಾಯು ಕ್ಷೀಣಿಸುವುದಕ್ಕೆ 1988ರವರೆಗೂ ಒಂದು ಹೆಸರೇ ಇರಲಿಲ್ಲ. ಆ ವರ್ಷ ಅಮೆರಿಕದ ಪೋಷಣಶಾಸ್ತ್ರಜ್ಞ ಇರ್ವಿನ್ ರೋಸೆನ್‌ಬರ್ಗ್, ಮಾಂಸ ಮತ್ತು ಬಡತನ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಸೇರಿಸಿ, 'ಸಾರ್ಕೊಪೀನಿಯಾ' ಎಂಬ ಪದವನ್ನು ಸೂಚಿಸಿದರು. ಮಾಂಸದ ಬಡತನ ಎಂದು ಅದನ್ನು ಕನ್ನಡಕ್ಕೆ ತರಬಹುದು. ಯುರೋಪಿನ ತಜ್ಞರ ಇತ್ತೀಚಿನ ಒಮ್ಮತದ ಪ್ರಕಾರ ಕೈಹಿಡಿತದ ಬಲ ಗಂಡಸರಲ್ಲಿ 27 ಕಿಲೊ, ಹೆಂಗಸರಲ್ಲಿ 16 ಕಿಲೊಗಿಂತ ಕಡಿಮೆಯಾದರೆ, ಅಥವಾ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ, ಈ ಸ್ಥಿತಿಯನ್ನು ಸಂಶಯಿಸಬೇಕಾಗುತ್ತದೆ. ಸ್ನಾಯುವಿನಲ್ಲಿ ನಿಧಾನವಾಗಿ ದಣಿಯುವ ಎಳೆಗಳು ಮತ್ತು ಥಟ್ಟನೆ ಬಲ ಕೊಡುವ ಎಳೆಗಳು ಎಂದು ಎರಡು ಮುಖ್ಯ ಬಗೆಗಳಿದ್ದು, ವಯಸ್ಸು ಹೆಚ್ಚಾಗಿ ಸವೆಸುವುದು ಎರಡನೆಯದನ್ನು. ಎಡವಿದಾಗ ಕಾಲನ್ನು ಮುಂದಿಟ್ಟು ಬೀಳದಂತೆ ತಡೆಯುವುದು ಈ ಥಟ್ಟನೆಯ ಎಳೆಗಳೇ ಆದ್ದರಿಂದ, ನಷ್ಟದ ಅರಿವು ಬಹಳ ಸಲ ಮೊದಲ ಬೀಳುವಿಕೆಯ ದಿನ ಮಾತ್ರ ಆಗುತ್ತದೆ.

ಇದಕ್ಕೆ ವಯಸ್ಸೊಂದೇ ಹೊಣೆಯಲ್ಲ. ಮಾಸ್ಟ್ರಿಕ್ಟ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 24 ಆರೋಗ್ಯವಂತ ಯುವಕರ ಒಂದು ಕಾಲಿಗೆ ಪೂರ್ತಿ ಪ್ಲಾಸ್ಟರ್ ಹಾಕಿ ಅಲುಗಾಡದಂತೆ ಇಟ್ಟರು. ಐದೇ ದಿನಗಳಲ್ಲಿ ತೊಡೆಯ ಸ್ನಾಯುವಿನ ಅಡ್ಡಳತೆ ಶೇ 3.5ರಷ್ಟು, ಬಲ ಶೇ 9ರಷ್ಟು ಇಳಿಯಿತು. ಹದಿನಾಲ್ಕು ದಿನ ಇಟ್ಟವರಲ್ಲಿ ಅಳತೆ ಶೇ 8.4ರಷ್ಟು, ಬಲ ಶೇ 23ರಷ್ಟು ಕುಸಿಯಿತು. ಬಲವು ಗಾತ್ರಕ್ಕಿಂತ ಎರಡು ಮೂರು ಪಟ್ಟು ವೇಗವಾಗಿ ಹೋಗುತ್ತದೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ, ಏಕೆಂದರೆ ಬಲವು ಸ್ನಾಯುವಿನ ಗಾತ್ರವನ್ನು ಅವಲಂಬಿಸಿರುವಷ್ಟೇ ಆ ಸ್ನಾಯುವಿಗೆ ಆಜ್ಞೆ ಕೊಡುವ ನರಗಳನ್ನೂ ಅವಲಂಬಿಸಿದೆ. ಮರಳಿ ಬಂದವರಿಗೆ ಮೊದಲ ಕೆಲವು ವಾರಗಳಲ್ಲಿ ಬಲ ಏರಿದಂತೆ ಕಾಣುವುದೂ ಇದೇ ಕಾರಣಕ್ಕೆ: ತೋಳು ದಪ್ಪವಾಗುವ ಮೊದಲೇ ನರಗಳು ಹೆಚ್ಚು ಎಳೆಗಳನ್ನು ಒಟ್ಟಿಗೆ ದುಡಿಸಲು ಕಲಿತಿರುತ್ತವೆ.

ಸ್ನಾಯುವಿನ ನೆನಪು ಎಂಬ ಮಾತಿಗೆ ಪ್ರಯೋಗದ ಆಧಾರ ಸಿಕ್ಕಿದ್ದು ನಾರ್ವೆಯಲ್ಲಿ. ಓಸ್ಲೊ ವಿಶ್ವವಿದ್ಯಾಲಯದ ಕ್ರಿಸ್ಟಿಯಾನ್ ಗುಂಡರ್ಸನ್ ಅವರ ತಂಡ 2010ರಲ್ಲಿ ಇಲಿಗಳ ಸ್ನಾಯುವಿಗೆ ಹೆಚ್ಚಿನ ಹೊರೆ ಹೊರಿಸಿದಾಗ, ಎಳೆಗಳು ದಪ್ಪವಾಗುವ ಮೊದಲೇ ಅವುಗಳೊಳಗೆ ಹೊಸ ಕೋಶಕೇಂದ್ರಗಳು ಸೇರಿಕೊಂಡಿದ್ದವು. ಆಮೇಲೆ ನರವನ್ನು ಕತ್ತರಿಸಿ ಮೂರು ತಿಂಗಳು ಆ ಸ್ನಾಯುವನ್ನು ಸೊರಗಲು ಬಿಟ್ಟರೂ ಆ ಕೇಂದ್ರಗಳು ಹೋಗಲಿಲ್ಲ. ಹೊಲ ಪಾಳು ಬಿದ್ದರೂ ಬಾವಿ ಬತ್ತಿರಲಿಲ್ಲ. ಮನುಷ್ಯರ ಸ್ನಾಯುವಿನಲ್ಲಿ ಈ ಕೇಂದ್ರಗಳು ಹೀಗೆಯೇ ಉಳಿಯುತ್ತವೆಯೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಆದರೆ 2018ರಲ್ಲಿ ಬ್ರಿಟನ್ನಿನ ಕೀಲ್ ವಿಶ್ವವಿದ್ಯಾಲಯದ ತಂಡ ಎಂಟು ಮಂದಿಗೆ ಏಳು ವಾರ ತರಬೇತಿ, ಏಳು ವಾರ ವಿರಾಮ, ಮತ್ತೆ ಏಳು ವಾರ ತರಬೇತಿ ಕೊಟ್ಟು ನೋಡಿದಾಗ, ಎರಡನೆಯ ಸುತ್ತಿನಲ್ಲಿ ಸ್ನಾಯು ಮೊದಲಿಗಿಂತ ಹೆಚ್ಚು ಬೆಳೆದಿತ್ತು. ವಂಶವಾಹಿಗಳ ಮೇಲೆ ಕುಳಿತು ಅವುಗಳ ಕೆಲಸವನ್ನು ಹತೋಟಿಯಲ್ಲಿಡುವ ರಾಸಾಯನಿಕ ಗುರುತುಗಳಲ್ಲಿ ಕೆಲವು ವಿರಾಮದಲ್ಲಿಯೂ ಹಾಗೆಯೇ ಉಳಿದಿದ್ದವು. ಹಿಂದೆ ದುಡಿದ ಸ್ನಾಯು ಪೂರ್ತಿ ಬರಿಗೈಯಲ್ಲಿ ಆರಂಭಿಸಬೇಕಾಗಿಲ್ಲ ಎಂದು ಹೇಳುವುದಕ್ಕೆ ಇಷ್ಟು ಸಾಕು, ಆದರೆ ವಾರಗಳ ವಿರಾಮಕ್ಕೆ ಹೊಂದುವ ಮಾತನ್ನು ಇಪ್ಪತ್ತು ವರ್ಷಗಳ ವಿರಾಮಕ್ಕೆ ಹಾಗೆಯೇ ಅನ್ವಯಿಸುವುದು ಆತುರವಾಗುತ್ತದೆ.

ಸ್ನಾಯುರಜ್ಜುವಿನ ಕಥೆ ಇದಕ್ಕೆ ವ್ಯತಿರಿಕ್ತ, ಮತ್ತು ಈ ಇಡೀ ವಿಷಯದಲ್ಲಿ ಅತಿ ಕಡಿಮೆ ಚರ್ಚೆಯಾಗಿರುವುದೂ ಅದೇ. 1955ರಿಂದ 1963ರವರೆಗೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ವಿಕಿರಣಶೀಲ ಇಂಗಾಲದ ಪ್ರಮಾಣ ಏಕಾಏಕಿ ಏರಿ, ಆಮೇಲೆ ಮೆಲ್ಲಗೆ ಇಳಿಯುತ್ತ ಬಂದಿತು. ಆಹಾರದ ಮೂಲಕ ಅದು ಆ ಕಾಲದ ಎಲ್ಲರ ಮೈಯನ್ನೂ ಸೇರಿದ್ದರಿಂದ, ಅಂಗಾಂಶವೊಂದು ಯಾವ ವರ್ಷ ಕಟ್ಟಿದ್ದು ಎಂಬುದನ್ನು ಅದರಲ್ಲಿರುವ ಈ ಇಂಗಾಲದ ಪ್ರಮಾಣದಿಂದ ಲೆಕ್ಕ ಹಾಕಬಹುದಾಯಿತು. ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಹಿಮ್ಮಡಿಯ ಅಕಿಲಿಸ್ ರಜ್ಜುವನ್ನು ಹೀಗೆ ಪರೀಕ್ಷಿಸಿದಾಗ, ಅದರ ತಿರುಳು ಸುಮಾರು 17ನೆಯ ವಯಸ್ಸಿನವರೆಗೆ ಕಟ್ಟಿಕೊಂಡು, ಆಮೇಲೆ ಬಹುಮಟ್ಟಿಗೆ ನವೀಕರಣಗೊಳ್ಳದೆ ಉಳಿಯುತ್ತದೆ ಎಂದು ಕಂಡುಬಂತು. ಐವತ್ತರ ವ್ಯಕ್ತಿ ಹದಿಹರೆಯದಲ್ಲಿ ಕಟ್ಟಿದ ಹಗ್ಗದ ಮೇಲೆಯೇ ಇಂದಿಗೂ ನಿಂತಿದ್ದಾನೆ. ಹೊರೆ ಕ್ರಮವಾಗಿ ಏರಿದರೆ ಆ ಹಗ್ಗ ಗಡುಸಾಗುತ್ತದೆ ನಿಜ, ಆದರೆ ಅದಕ್ಕೆ ರಕ್ತ ಪೂರೈಕೆ ಕಡಿಮೆ, ಹೊಂದಿಕೊಳ್ಳುವ ವೇಗವೂ ಕಡಿಮೆ. ಮರಳಿ ಬಂದ ಎರಡನೆಯ ತಿಂಗಳಲ್ಲಿ ಮೊಣಕೈ, ಭುಜ, ಮಂಡಿಯ ಕೆಳಭಾಗದಲ್ಲಿ ಕಾಣಿಸಿಕೊಳ್ಳುವ ಹಟಮಾರಿ ನೋವು, ಸ್ನಾಯು ಆಗಲೇ ಎತ್ತಬಲ್ಲ ತೂಕಕ್ಕೆ ಹಗ್ಗ ಇನ್ನೂ ಸಿದ್ಧವಾಗಿಲ್ಲ ಎಂಬುದರ ಗುರುತು.

ಡಚ್ಚರು 'ಸ್ಪೋರ್ಟ್‌ಸ್ಕೋಲ್' ಎಂದು ಕರೆಯುವ ಜಿಮ್ಮಿನಲ್ಲಿ ಇದು ಹೇಗೆ ಎದುರಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬಹುದು. ಸ್ಕ್ವಾಟ್ ಸ್ಟ್ಯಾಂಡಿನ ಮೇಲೆ ಇರಿಸಿದ ಉದ್ದನೆಯ ಬಾರ್ ಒಂದೇ 20 ಕಿಲೊ ತೂಗುತ್ತದೆ. ಹಿಂದೆ ಅದರ ಎರಡೂ ತುದಿಗೆ 20 ಕಿಲೊದ ಪ್ಲೇಟು ಏರಿಸಿ 60 ಕಿಲೊ ಹೊತ್ತು ಬಸ್ಕಿ ಹೊಡೆದವರಿಗೆ, ಅಕ್ಕಪಕ್ಕದ ಹುಡುಗರ ಎದುರಿನಲ್ಲಿ ಬರಿಯ ಬಾರನ್ನು ಹೆಗಲಿಗೇರಿಸಿಕೊಳ್ಳುವುದು ಸಂಕೋಚದ ಕೆಲಸ. ಆದರೆ ಆ ಬರಿಯ ಬಾರಿನ ಕೆಳಗೆ ಏನು ನಡೆಯುತ್ತದೆಂದು ನೋಡಿದರೆ ಸಂಕೋಚಕ್ಕೆ ಎಡೆ ಉಳಿಯುವುದಿಲ್ಲ: ವರ್ಷಗಟ್ಟಲೆ ಕೀಬೋರ್ಡಿನ ಮೇಲೆ ಬಾಗಿದ ಭುಜ ಹಿಂದಕ್ಕೆ ತಿರುಗಿ ಬಾರನ್ನು ಹಿಡಿಯಲು ಒಪ್ಪುವುದಿಲ್ಲ, ಕುರ್ಚಿಗೆ ಒಗ್ಗಿದ ಸೊಂಟ ಅರ್ಧಕ್ಕೆ ಇಳಿಯುವಷ್ಟರಲ್ಲಿ ಬೆನ್ನನ್ನು ಮುಂದಕ್ಕೆ ಎಳೆಯುತ್ತದೆ, ಹಿಮ್ಮಡಿ ನೆಲ ಬಿಟ್ಟು ಏಳುತ್ತದೆ. ಈ ಮೂರನ್ನು ಸರಿಪಡಿಸುವವರೆಗೆ ಪ್ಲೇಟು ಏರಿಸುವುದರಲ್ಲಿ ಅರ್ಥವಿಲ್ಲ. ಅಲ್ಲದೆ, ಹಗುರ ತೂಕವನ್ನು ಹೆಚ್ಚು ಬಾರಿ, ದಣಿವಿನ ಸಮೀಪದವರೆಗೆ ಎತ್ತಿದರೂ ಸ್ನಾಯುವಿನ ಗಾತ್ರ ಭಾರದ ತೂಕದಷ್ಟೇ ಬೆಳೆಯುತ್ತದೆ ಎಂಬುದನ್ನು ಕಳೆದ ದಶಕದ ಹಲವು ಪ್ರಯೋಗಗಳು ತೋರಿಸಿವೆ. ಗರಿಷ್ಠ ಬಲಕ್ಕೆ ಮಾತ್ರ ಭಾರದ ತೂಕವೇ ಬೇಕು. ಆದ್ದರಿಂದ ಮೊದಲ ಎರಡು ಮೂರು ತಿಂಗಳು ಹಗುರ ತೂಕದಲ್ಲಿ, ಪ್ರತಿ ಸುತ್ತಿನ ಕೊನೆಯಲ್ಲಿ ಇನ್ನೂ ಎರಡು ಮೂರು ಬಾರಿ ಎತ್ತುವ ಶಕ್ತಿ ಮಿಕ್ಕಿರುವಂತೆ ನಿಲ್ಲಿಸುವುದು, ಆಮೇಲೆ ಒಂದೂಕಾಲು ಕಿಲೊದ ಚಿಕ್ಕ ಪ್ಲೇಟುಗಳನ್ನು ಒಂದೊಂದಾಗಿ ಸೇರಿಸುವುದು ಸರಿಯಾದ ದಾರಿ. ಆ ಚಿಕ್ಕ ಪ್ಲೇಟುಗಳು ಸ್ಟ್ಯಾಂಡಿನ ಮೂಲೆಯಲ್ಲಿ ಸಾಮಾನ್ಯವಾಗಿ ಯಾರೂ ಮುಟ್ಟದೆ ಬಿದ್ದಿರುತ್ತವೆ, ಮರಳಿ ಬಂದವರಿಗೆ ಅವುಗಳಷ್ಟು ಉಪಕಾರಿ ಬೇರೆ ಇಲ್ಲ.

ಮೊದಲ ವಾರದ ಮೈಕೈ ನೋವಿಗೆ ಹೆದರಬೇಕಾಗಿಲ್ಲ. ತೂಕವನ್ನು ಇಳಿಸುವಾಗ ಸ್ನಾಯು ಬಿಗಿಯಾಗಿದ್ದುಕೊಂಡೇ ಉದ್ದವಾಗುವುದರಿಂದ ಆಗುವ ಈ ನೋವು ಒಂದೆರಡು ದಿನ ತಡವಾಗಿ ಏರಿ, ತಾನಾಗಿ ಇಳಿಯುತ್ತದೆ, ಎರಡನೆಯ ಸಲ ಅದೇ ಕೆಲಸಕ್ಕೆ ಅಷ್ಟು ಬಾಧಿಸುವುದಿಲ್ಲ. ಹೆದರಬೇಕಾದದ್ದು ಬೇರೆ: ಹಳೆಯ ದಿನಗಳ ಉತ್ಸಾಹದಲ್ಲಿ ಮೊದಲ ದಿನವೇ ಮಿತಿ ಮೀರಿದಾಗ ಸ್ನಾಯುವಿನ ಎಳೆಗಳು ಒಡೆದು ಅವುಗಳ ಒಳಗಿನ ಪದಾರ್ಥ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಅಪಾಯ ತರುವ ಸ್ಥಿತಿ ಅಪರೂಪವಾಗಿಯಾದರೂ ಉಂಟಾಗುತ್ತದೆ; ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ರಕ್ತದೊತ್ತಡವೂ ಹಾಗೆಯೇ. 1985ರ ಕೆನಡಾದ ಅಧ್ಯಯನವೊಂದರಲ್ಲಿ ದೇಹದಾರ್ಢ್ಯ ಪಟುಗಳು ಎರಡೂ ಕಾಲುಗಳಿಂದ ಅತಿಭಾರವನ್ನು ಒತ್ತುವಾಗ ಧಮನಿಯೊಳಗಿನ ಒತ್ತಡ ಸರಾಸರಿ 320/250ರವರೆಗೆ ಏರಿದ್ದು ದಾಖಲಾಗಿದೆ. ಉಸಿರು ಕಟ್ಟಿ ಮುಕ್ಕುವುದು ಇದಕ್ಕೆ ಒಂದು ಮುಖ್ಯ ಕಾರಣವಾದ್ದರಿಂದ, ಬಿಪಿ ಇರುವವರು ಎತ್ತುವಾಗ ಉಸಿರು ಬಿಡುವುದನ್ನು ಮೊದಲು ಕಲಿಯಬೇಕು, ಆರಂಭಿಸುವ ಮೊದಲು ಕುಟುಂಬ ವೈದ್ಯರನ್ನು ಕಾಣಬೇಕು. ನೆದರ್‌ಲ್ಯಾಂಡ್ಸಿನಲ್ಲಿ 2006ರಿಂದ ವೈದ್ಯರ ಚೀಟಿಯಿಲ್ಲದೆ ನೇರವಾಗಿ ಫಿಸಿಯೋಥೆರಪಿಸ್ಟರ ಬಳಿಗೆ ಹೋಗಬಹುದು. ಕ್ರೀಡಾವೈದ್ಯವನ್ನು 2014ರಲ್ಲಿ ಅಲ್ಲಿ ಪ್ರತ್ಯೇಕ ತಜ್ಞವಿಭಾಗವಾಗಿ ಮಾನ್ಯ ಮಾಡಲಾಯಿತು. ಈ ಅನುಕೂಲಗಳನ್ನು ನೋವು ಬಂದ ಮೇಲಲ್ಲದೆ ಮೊದಲೇ ಬಳಸಿಕೊಳ್ಳುವುದು ಬುದ್ಧಿವಂತಿಕೆ.

ಹೆಂಗಸರ ವಿಷಯದಲ್ಲಿ ಕಾಲ ಇನ್ನಷ್ಟು ಬಿಗಿಯಾಗಿದೆ. ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ ಈಸ್ಟ್ರೋಜನ್ ಕುಸಿದಂತೆ ಮೂಳೆಯ ಸಾಂದ್ರತೆಯೂ ವೇಗವಾಗಿ ಇಳಿಯುತ್ತದೆ, ಆಗ ಅವರಿಗೆ ಸಿಗುವ ಸಲಹೆ ಬಹಳ ಸಲ ವಾಕಿಂಗ್ ಮತ್ತು ಕ್ಯಾಲ್ಸಿಯಂ ಮಾತ್ರೆಗೆ ನಿಲ್ಲುತ್ತದೆ. ಆಸ್ಟ್ರೇಲಿಯಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮುಟ್ಟು ನಿಂತು ಮೂಳೆ ತೆಳುವಾಗಿದ್ದ 101 ಹೆಂಗಸರಲ್ಲಿ ಒಂದು ಗುಂಪು ತರಬೇತುದಾರರ ಕಣ್ಗಾವಲಿನಲ್ಲಿ ವಾರಕ್ಕೆ ಎರಡು ಬಾರಿ ಅರ್ಧ ಗಂಟೆ ಡೆಡ್‌ಲಿಫ್ಟ್, ಸ್ಕ್ವಾಟ್‌ಗಳನ್ನು ಸಾಕಷ್ಟು ಭಾರದಲ್ಲಿ ಮಾಡಿತು. ಎಂಟು ತಿಂಗಳ ಕೊನೆಗೆ ಅವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಶೇ 2.9ರಷ್ಟು ಏರಿತ್ತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರಲ್ಲಿ ಶೇ 1.2ರಷ್ಟು ಇಳಿದಿತ್ತು. ಹೆಂಗಸರಿಗೆ ಬಣ್ಣಬಣ್ಣದ ಒಂದು ಕಿಲೊ ಡಂಬೆಲ್ ಸಾಕು ಎಂದು ಕೈಗಿಡುವ ತರಬೇತುದಾರರು ಈ ಅಂಕಿಗಳನ್ನು ಒಮ್ಮೆ ಓದಬೇಕು.

ಊಟದ ಪ್ರಶ್ನೆ ಕನ್ನಡಿಗರ ಮನೆಯಲ್ಲಿ, ಅದರಲ್ಲಿಯೂ ಸಸ್ಯಾಹಾರಿಗಳ ಮನೆಯಲ್ಲಿ, ತೂಕದ ಪ್ರಶ್ನೆಯಷ್ಟೇ ಮುಖ್ಯ. ವಾಗೆನಿಂಗನ್ ಮತ್ತು ಮಾಸ್ಟ್ರಿಕ್ಟ್ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಾಸರಿ 78 ವರ್ಷದ, ನಿಶ್ಶಕ್ತರಾಗಿದ್ದ 62 ಮಂದಿ 24 ವಾರ ಭಾರದ ವ್ಯಾಯಾಮ ಮಾಡಿದರು. ಎಲ್ಲರ ಬಲವೂ ಏರಿತು. ಆದರೆ ಕೊಬ್ಬು ಕಳೆದ ದೇಹದ್ರವ್ಯ ಏರಿದ್ದು, ಸುಮಾರು 1.3 ಕಿಲೊದಷ್ಟು, ದಿನಕ್ಕೆ ಎರಡು ಬಾರಿ 15 ಗ್ರಾಂ ಹೆಚ್ಚುವರಿ ಪ್ರೋಟೀನ್ ಪಡೆದ ಗುಂಪಿನಲ್ಲಿ ಮಾತ್ರ. ಅನ್ನ, ಸಾರು, ಪಲ್ಯ, ಮಜ್ಜಿಗೆಯ ತಟ್ಟೆಯಲ್ಲಿ 15 ಗ್ರಾಂ ಸುಲಭವಾಗಿ ಕೂಡುವುದಿಲ್ಲ. ಆದರೆ ಡಚ್ ಅಂಗಡಿಯ ಕಪಾಟಿನಲ್ಲಿ ಅದಕ್ಕೆ ಪರಿಹಾರವಿದೆ: ನೀರಿಳಿಸಿದ ಗಟ್ಟಿ ಮೊಸರಿನಂತೆ ಕಾಣುವ, ತಾಜಾ ಚೀಸಿನ ಬಗೆಗೆ ಸೇರಿದ ಕ್ವಾರ್ಕ್ ನೂರು ಗ್ರಾಮಿಗೆ ಎಂಟರಿಂದ ಹತ್ತು ಗ್ರಾಂ ಪ್ರೋಟೀನ್ ಕೊಡುತ್ತದೆ, ಇಂಡೊನೇಷ್ಯಾದೊಂದಿಗಿನ ಹಳೆಯ ವಸಾಹತು ನಂಟಿನಿಂದ ಬಂದ ಟೆಂಪೆ, ಅಂದರೆ ಹುದುಗಿಸಿದ ಸೋಯಾ ಬಿಲ್ಲೆ, ಇನ್ನೂ ಹೆಚ್ಚು ಕೊಡುತ್ತದೆ. ಟೆಂಪೆಯನ್ನು ಚಿಕ್ಕ ತುಂಡುಗಳಾಗಿ ಹುರಿದು ಹುಳಿಗೆ ಹಾಕಿದರೆ ಮಸಾಲೆಯನ್ನು ಚೆನ್ನಾಗಿ ಹೀರುತ್ತದೆ. ಇದರೊಂದಿಗೆ ವಿಟಮಿನ್ ಡಿ ಮಾತನ್ನೂ ಮರೆಯಬಾರದು: 52 ಡಿಗ್ರಿ ಉತ್ತರದ ಚಳಿಗಾಲದ ಬಿಸಿಲು ಕಂದು ಚರ್ಮಕ್ಕೆ ಸಾಲುವುದಿಲ್ಲವಾದ್ದರಿಂದ, ಅಂತಹವರು ದಿನಕ್ಕೆ 10 ಮೈಕ್ರೋಗ್ರಾಂ ಪೂರಕವಾಗಿ ತೆಗೆದುಕೊಳ್ಳಬೇಕೆಂದು ಅಲ್ಲಿನ ಆರೋಗ್ಯ ಮಂಡಳಿಯೇ ಸಲಹೆ ಮಾಡಿದೆ.

ಇಷ್ಟು ತಡವಾಗಿ ಆರಂಭಿಸಿ ಏನು ಫಲ ಎಂಬ ಸಂಶಯಕ್ಕೆ ಉತ್ತರವೂ ಮಾಸ್ಟ್ರಿಕ್ಟ್‌ನ ಸಂಶೋಧಕರು ಚಿಲಿ ದೇಶದ ಸಹೋದ್ಯೋಗಿಗಳೊಂದಿಗೆ ಮಾಡಿದ ಕೆಲಸದಲ್ಲಿ ಸಿಗುತ್ತದೆ. 65ರಿಂದ 75 ವರ್ಷದವರ ಒಂದು ಗುಂಪು ಮತ್ತು 85 ದಾಟಿದವರ ಇನ್ನೊಂದು ಗುಂಪು ಹನ್ನೆರಡು ವಾರ ಒಂದೇ ಬಗೆಯ ತರಬೇತಿ ಪಡೆದಾಗ, ತೊಡೆಯ ಸ್ನಾಯು ಮೊದಲ ಗುಂಪಿನಲ್ಲಿ ಶೇ 10, ಎರಡನೆಯದರಲ್ಲಿ ಶೇ 11ರಷ್ಟು ಬೆಳೆಯಿತು; ಕಾಲು ಚಾಚುವ ಬಲ ಕ್ರಮವಾಗಿ ಶೇ 38 ಮತ್ತು ಶೇ 46ರಷ್ಟು ಏರಿತು. ಎಂಬತ್ತೈದರಲ್ಲಿ ತಡವಾಗದ್ದು ಐವತ್ತರಲ್ಲಿ ತಡವಾಗಲಾರದು.

ವಿದೇಶದ ಕನ್ನಡ ಕುಟುಂಬಗಳಿಗೆ ವಿರಾಮದ ಇನ್ನೊಂದು ಕಾರಣ ಪ್ರತಿವರ್ಷ ಬರುತ್ತದೆ. ಡಚ್ ಶಾಲೆಗಳ ಬೇಸಿಗೆ ರಜೆ ಆರು ವಾರ, ಮತ್ತು ಆ ಆರು ವಾರ ಊರಿಗೆ ಹೋಗಿ ಮದುವೆ, ಗೃಹಪ್ರವೇಶ, ಆಸ್ಪತ್ರೆ, ದೇವಸ್ಥಾನಗಳ ನಡುವೆ ಓಡಾಡುವಾಗ ಜಿಮ್ಮಿನ ಮಾತಿಗೆ ಜಾಗವಿರುವುದಿಲ್ಲ. ಎಲ್ಲ ಹೋಯಿತೆಂದು ಭಾವಿಸಿ ಸೆಪ್ಟೆಂಬರಿನಲ್ಲಿ ಮತ್ತೆ ಬಿಟ್ಟುಬಿಡುವವರು ಕಡಿಮೆಯಲ್ಲ. ಫಿನ್‌ಲ್ಯಾಂಡಿನ ಯುವಸ್ಕುಲಾ ವಿಶ್ವವಿದ್ಯಾಲಯ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ವಾರ ತರಬೇತಿ ಪಡೆದು, ಹತ್ತು ವಾರ ಪೂರ್ತಿ ಬಿಟ್ಟು, ಮತ್ತೆ ಹತ್ತು ವಾರ ಮಾಡಿದವರು, ಎಡೆಬಿಡದೆ ಇಪ್ಪತ್ತು ವಾರ ಮಾಡಿದವರಷ್ಟೇ ಬಲ ಮತ್ತು ಗಾತ್ರವನ್ನು ಪಡೆದಿದ್ದರು. ವಿರಾಮದ ಮೊದಲಿನ ಮಟ್ಟಕ್ಕೆ ಅವರು ಮರಳಿದ್ದು ಕೆಲವೇ ವಾರಗಳಲ್ಲಿ. ಊರಿನಿಂದ ಬಂದ ಮೊದಲ ವಾರ, ಹೊರಡುವ ಮುನ್ನ ಎತ್ತುತ್ತಿದ್ದ ತೂಕದ ಅರ್ಧದಷ್ಟನ್ನು ಬಾರಿಗೆ ಏರಿಸಿದರೆ ಸಾಕು. ಮಳೆಗೆ ನೆನೆದ ಸೈಕಲ್ಲನ್ನು ಹೊರಗೆ ಬೀಗ ಹಾಕಿ ಒಳಗೆ ಬಂದು ನಿಂತ ಆ ಸಂಜೆ, ಸ್ಟ್ಯಾಂಡಿನ ಮೂಲೆಯ ಒಂದೂಕಾಲು ಕಿಲೊದ ಪ್ಲೇಟುಗಳು ಬಿಟ್ಟಲ್ಲಿಯೇ ಇರುತ್ತವೆ.